ಏಳು ಹದಿಮೂರ್ಲ ಇಪ್ಪತ್ತೆಂಟು: ನಾವು ಆಡಿದ್ದು ಹೀಗೆ

ಅಮೆರಿಕದ ಹಳೆಯ ಹಾಸ್ಯ ಜೋಡಿ ಅಬಟ್-ಕಾಸ್ಟೆಲೊ ಅವರ ಒಂದು ತುಣುಕನ್ನು ಕನ್ನಡದಲ್ಲಿ ಆಡ್ತೀವಿ ಅಂದಾಗ, ಅವರ ಬೇಸ್‌ಬಾಲ್ ತಮಾಷೇನೇ ಮಾಡಿ ಅಂತ ತುಂಬಾ ಜನ ಹೇಳಿದರು. ನಾನು ಒಪ್ಪಲಿಲ್ಲ. ಆ ಆಟ ಗೊತ್ತಿಲ್ಲದವರ ಮುಂದೆ ಅದು ನಿಲ್ಲಲ್ಲ. ನಾವು ಆರಿಸಿಕೊಂಡಿದ್ದು 1941ರ 'ಇನ್ ದ ನೇವಿ' ಚಿತ್ರದ ಲೆಕ್ಕ. ಮಗ್ಗಿ ಬಾಯಿಪಾಠ ಮಾಡಿದ ಯಾರಿಗಾದರೂ ಅದು ತಾಗುತ್ತೆ.

ಹಡಗಿನ ಅಡುಗೆಯವನಾದ ಕಾಸ್ಟೆಲೊ 28 ಡೋನಟ್ ಮಾಡಿದ್ದಾನೆ. ಅಧಿಕಾರಿಗಳು 7 ಜನ, ತಲಾ 13 ಬರುತ್ತೆ ಅಂತಾನೆ. ಅಬಟ್ ನಂಬಲ್ಲ. ಸರಿ, ಭಾಗಿಸಿ ತೋರಿಸ್ತಾನೆ: 2ರಲ್ಲಿ 7 ಹೋಗಲ್ಲ, ಅದು ಆಮೇಲೆ, 8ರಲ್ಲಿ 7 ಒಂದ್ಸಲ, ಉಳಿದದ್ದು 1, ಬಿಟ್ಟಿದ್ದ 2 ತಂದು ಅದರ ಮುಂದಿಟ್ಟರೆ 21, ಏಳ್ಮೂರ್ಲ ಇಪ್ಪತ್ತೊಂದು, ಉತ್ತರ 13. ಗುಣಿಸು ಅಂದರೆ ಏಳ್ಮೂರ್ಲ ಇಪ್ಪತ್ತೊಂದು, ಏಳೊಂದ್ಲ ಏಳು, ಕೂಡಿದರೆ 28. ಮಗ್ಗಿ ಎಲ್ಲೂ ತಪ್ಪಿಲ್ಲ ನೋಡಿ, ಹತ್ತರ ಸ್ಥಾನ ಮಾತ್ರ ಮಾಯ!

ನಾವು ಡೋನಟ್ ಬದಲು ಉದ್ದಿನ ವಡೆ ಇಟ್ಟೆವು. ಗೆಳೆಯ ಕಾಸ್ಟೆಲೊ, ನಾನು ಅಬಟ್. ಅಂದರೆ ನಗಿಸುವುದು ಅವನ ಕೆಲಸ, ನಂಬದೆ ಪ್ರಶ್ನೆ ಕೇಳುವುದು ನನ್ನದು. ಇದು ಚಿಕ್ಕ ಪಾತ್ರ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ತೀನಿ. ಅಬಟ್, ಕಾಸ್ಟೆಲೊ ಇಬ್ಬರೂ ಬರ್ಲೆಸ್ಕ್‌ನಿಂದ ಬಂದವರು. ಹಾಡು, ಕುಣಿತ, ನಡುನಡುವೆ ತಮಾಷೆ ಇರುತ್ತಿದ್ದ ಅಗ್ಗದ ಟಿಕೆಟ್‌ನ ರಂಗ ಅದು. ಅಲ್ಲಿನ ತುಣುಕುಗಳು ಬಾಯಿಂದ ಬಾಯಿಗೆ ಹೋಗುತ್ತಿದ್ದವು, ಇಂಥವರದೇ ಅಂತ ಇರಲಿಲ್ಲ. ಹಾಗಾಗಿ ಓಟ ಹಿಡಿದು ನಡೆಸುವ ಸ್ಟ್ರೈಟ್ ಮ್ಯಾನ್‌ಗೇ, ಅಂದರೆ ತಾನು ನಗಿಸದೆ ಗಂಭೀರವಾಗಿ ಪ್ರಶ್ನೆ ಕೇಳುವ ಅಬಟ್‌ನಂಥವನಿಗೇ, ಬೆಲೆ ಜಾಸ್ತಿ. 1936ರಲ್ಲಿ ಜೋಡಿಯಾದ ಇವರ ಗಳಿಕೆಯಲ್ಲೂ ಮೊದಮೊದಲು ಅಬಟ್‌ಗೆ 60 ಪಾಲು, ಕಾಸ್ಟೆಲೊಗೆ 40.

ತಾಲೀಮಿನಲ್ಲಿ ನಾನು ಹಿಡಿದದ್ದು ಒಂದೇ ದಾರಿ: ನಗಿಸೋಕೆ ಹೋಗಬಾರದು, ನಿಜವಾಗಿ ಲೆಕ್ಕ ನೋಡಬೇಕು. ಅವನು ಚಾಕ್ ಹಿಡಿದು ಅಂಕಿ ಬರೆಯುವಾಗ ನನ್ನ ಕಣ್ಣು ಬೋರ್ಡ್ ಮೇಲೇ, ಜನರ ಕಡೆ ಅಲ್ಲ. ನಾನು ಅನುಮಾನದಿಂದ ನೋಡಿದಷ್ಟೂ ಜನ ತಾವೂ ಅಂಕಿ ಹುಡುಕ್ತಾರೆ. ಅವನು ಬಾಯಲ್ಲಿ ಹೇಳಿದ ಮೇಲೇ ಬರೀಬೇಕು, ಮೊದಲೇ ಬರೆದರೆ ಜನ ಮುಂದೆ ಓಡಿಬಿಡ್ತಾರೆ. ಅವನ ದನಿಯಲ್ಲೂ ತುಂಟತನ ಬೇಡ ಅಂದೆ. ಈ ಮನುಷ್ಯ ತನ್ನ ಲೆಕ್ಕವನ್ನು ಪೂರ್ತಿ ನಂಬಿದ್ದಾನೆ, ಮೋಸ ಮಾಡ್ತಿಲ್ಲ.

ಕೊನೆಯದು ಕೂಡುವ ಲೆಕ್ಕ. 13 ಅನ್ನು ಏಳು ಸಲ ಒಂದರ ಕೆಳಗೊಂದು ಬರೆದಾಗ ಮೂರುಗಳನ್ನು ಕೂಡೋನು ಅಬಟ್‌ನೇ: ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದು, ಹದಿನೆಂಟು, ಇಪ್ಪತ್ತೊಂದು. ತಕ್ಷಣ ಕಾಸ್ಟೆಲೊ ಒಂದುಗಳ ಸಾಲು ಹಿಡಿದು ಇಪ್ಪತ್ತೆರಡು, ಇಪ್ಪತ್ಮೂರು ಅಂತ 28ಕ್ಕೆ ಮುಟ್ಟಿಸಿಬಿಡ್ತಾನೆ. ನಂಬದವನ ಎಣಿಕೆಯಿಂದಲೇ ಸುಳ್ಳು ಗೆಲ್ಲೋದು, ಎಂಥಾ ಕಟ್ಟು ಅಲ್ವಾ! ಇಲ್ಲಿ ನಡುವೆ ಉಸಿರು ತಗೊಳ್ಳೋ ಹಾಗಿಲ್ಲ. ನನ್ನ 'ಇಪ್ಪತ್ತೊಂದು' ಮುಗಿಯುವ ಮೊದಲೇ ಅವನ ದನಿ ಬರಬೇಕು. ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ಇದನ್ನೇ ತಿದ್ದಿದೆವು.

ಕಳೆಯುವ ಲೆಕ್ಕವನ್ನೂ ಸೇರಿಸೋಣವಾ ಅಂತ ಗೆಳೆಯ ಕೇಳಿದ. ಬೇಡ ಅಂದೆ. ಅಬಟ್‌ನೇ ಎಣಿಸಿ ಸೋತ ಮೇಲೆ ಅವನಿಗೆ ಕೇಳೋಕೆ ಏನೂ ಉಳಿದಿರಲ್ಲ.