ಅರ್ಧ ಮೀಟರ್ ಅಚ್ಚಿನ ಬಟ್ಟೆಯಲ್ಲಿ ಒಂದು ದಿಂಬಿನ ಕವರ್

ಚಿಕ್ಕಮಗಳೂರಿನ ನಮ್ಮ ಹೊಲಿಗೆ ಬಳಗದ ಎಲ್ಲರಿಗೂ ನಮಸ್ಕಾರ. ಹೊಸದಾಗಿ ಕಲಿಯುವವರು ರವಿಕೆಗೆ ಕೈಹಾಕುವ ಮೊದಲು, ಝಿಪ್ಪಾಗಲಿ ಗುಂಡಿಯಾಗಲಿ ಬೇಡದ 16 ಇಂಚಿನ ಚೌಕ ದಿಂಬಿನ ಕವರನ್ನು ಹೊಲಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. 44 ಇಂಚು ಅಗಲದ ಹತ್ತಿ ಬಟ್ಟೆ ಅರ್ಧ ಮೀಟರ್ ಸಾಕು.

ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುವುದರಿಂದ, ಕತ್ತರಿಸುವ ಮುನ್ನ ಅದನ್ನು ಪ್ರತ್ಯೇಕವಾಗಿ ನೆನೆಸಿ, ಬಣ್ಣ ಬಿಡುವುದೇ ಎಂದು ನೋಡಿ, ನೆರಳಿನಲ್ಲಿ ಒಣಗಿಸಿ ಇಸ್ತ್ರಿ ಮಾಡಬೇಕು. ನಮ್ಮ ಮಳೆಗಾಲದಲ್ಲಿ ಇದಕ್ಕೆ ಎರಡು ದಿನ ಹಿಡಿದರೂ ಅವಸರಪಡಬೇಡಿ.

ಮುಂಭಾಗಕ್ಕೆ 17 ಇಂಚಿನ ಒಂದು ಚೌಕವನ್ನೂ, ಹಿಂಭಾಗಕ್ಕೆ 17 ಇಂಚು ಎತ್ತರ, 12 ಇಂಚು ಅಗಲದ ಎರಡು ತುಂಡುಗಳನ್ನೂ ಒಂದೇ ಸಾಲಿನಲ್ಲಿ ಕತ್ತರಿಸಿ. ಅಚ್ಚಿನಲ್ಲಿ ನವಿಲೋ ಆನೆಯೋ ಇದ್ದರೆ ಎಲ್ಲವೂ ಒಂದೇ ದಿಕ್ಕಿಗೆ ನಿಲ್ಲುವಂತೆ ಗುರುತು ಹಾಕಿಕೊಳ್ಳುವುದು ಮುಖ್ಯ. ದೊಡ್ಡ ಹೂವು ನಟ್ಟನಡುವೆ ಬರಬೇಕೆಂದರೆ ಬಟ್ಟೆ ತುಸು ಹೆಚ್ಚೇ ಬೇಕಾಗುತ್ತದೆ.

ಹಿಂಭಾಗದ ತುಂಡುಗಳ ಒಂದೊಂದು ಉದ್ದನೆಯ ಅಂಚನ್ನು ಅರ್ಧ ಇಂಚಿನಂತೆ ಎರಡು ಬಾರಿ ಮಡಚಿ ಹೊಲಿದ ಬಳಿಕ, ಅಚ್ಚಿನ ಮುಖ ಒಳಗಿರುವಂತೆ, ಮಡಚಿದ ಅಂಚುಗಳು ನಡುವೆ ಒಂದರ ಮೇಲೊಂದು ಬರುವಂತೆ ಅವನ್ನು ಚೌಕದ ಮೇಲಿಟ್ಟು, ಸುತ್ತಲೂ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಮೂಲೆಗಳ ಹೆಚ್ಚುವರಿ ಬಟ್ಟೆಯನ್ನು ಹೊಲಿಗೆಗೆ ತಾಗದಂತೆ ಕತ್ತರಿಸಿ ಕವರನ್ನು ಮಗುಚಿ; ಹಿಂದೆ 5 ಇಂಚಿನಷ್ಟು ಬಟ್ಟೆ ಒಂದರ ಮೇಲೊಂದು ಕೂರುವುದರಿಂದ ದಿಂಬು ಹೊರಗೆ ಇಣುಕುವುದಿಲ್ಲ.