90 ದಾಟಿದರೆ ಕಾರು ಅದುರುತ್ತಾ? ಟಯರ್ ಬದಲಿಸುವ ಮುಂಚೆ ಗೇರ್ ಬದಲಿಸಿ ನೋಡಿ

ಹಳೆಯ ಜರ್ಮನ್ ಸೆಡಾನ್ ಒಂದನ್ನು ಕೊಂಡ ಖುಷಿ ನನಗೆ ಉಳಿದದ್ದು ಒಂದೇ ವಾರ. 90 ದಾಟಿದರೆ ಸಾಕು, ಸೀಟಿನ ಕೆಳಗೆ ಗುಂಯ್ ಅಂತ ಅದುರು. ಗ್ಯಾರೇಜಿನವರು ‘ಟಯರ್ ಹೋಗಿದೆ ಸಾರ್’ ಎಂದರು. ನಾಲ್ಕೂ ಹೊಸದು ಹಾಕಿಸಿದೆ. ಅದುರು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ನೋಡಿದರೆ ಗೇರ್‌ಬಾಕ್ಸಿನ ಹಿಂದೆ ಇರುವ ಅಂಗೈ ಅಗಲದ ರಬ್ಬರ್ ಡಿಸ್ಕ್ ಬಿರುಕು ಬಿಟ್ಟಿತ್ತು. ಹಿಂದಿನ ಚಕ್ರ ತಿರುಗಿಸುವ ಇಂಥ ಕಾರಿನಲ್ಲಿ ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಶಾಫ್ಟನ್ನು ಗೇರ್‌ಬಾಕ್ಸಿಗೆ ಜೋಡಿಸುವುದು ಅದೇ.

ಹಾಗಂತ ಟಯರನ್ನು ಮರೆಯಬೇಡಿ, ಅದನ್ನು ನೋಡುವುದು ಅಗ್ಗದ ಕೆಲಸ. ಗಾಳಿ ಎಷ್ಟಿದೆ, ಪಕ್ಕದಲ್ಲಿ ಉಬ್ಬಿದೆಯಾ, ರಿಮ್ ಒಳಗೆ ಕೆಸರು ಒಣಗಿ ಅಂಟಿದೆಯಾ ನೋಡಿ. ಗುಂಡಿಗೆ ಬಿದ್ದ ಅಲಾಯ್ ಸೊಟ್ಟಗಾಗಿದ್ದರೆ ಬ್ಯಾಲೆನ್ಸಿಂಗ್ ಮಷೀನಿನಲ್ಲಿ ತಿರುಗಿಸಿದಾಗ ಕಣ್ಣಿಗೇ ಕಾಣುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ನೋಡಿಸಿ. ಸ್ಟೇರಿಂಗ್ ಕುಣಿದರೆ ಅನುಮಾನ ಮುಂದಿನ ಚಕ್ರಗಳ ಮೇಲೆ. ಸೀಟು, ನೆಲ ಅದುರಿದರೆ ಹಿಂದಿನ ಚಕ್ರ ಅಥವಾ ಶಾಫ್ಟ್ ಮೇಲೆ.

ರಸ್ತೆಯಲ್ಲಿ ಪರೀಕ್ಷೆ

ಖಾಲಿ, ನುಣುಪಾದ ರಸ್ತೆ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಈ ಪರೀಕ್ಷೆಗೆ ಅಷ್ಟು ಸಾಕು. ಬರೆದುಕೊಳ್ಳಲು ಪಕ್ಕದಲ್ಲಿ ಒಬ್ಬರಿರಲಿ.

ಅದುರು ಬರುವ ವೇಗದಲ್ಲಿ ಕಾರನ್ನು ಒಂದೇ ಸಮ ಓಡಿಸಿ. ಆಮೇಲೆ ವೇಗ ಬದಲಿಸದೆ ಒಂದು ಗೇರ್ ಇಳಿಸಿ. ಈಗ ಎಂಜಿನ್ ಜಾಸ್ತಿ ತಿರುಗುತ್ತದೆ, ಶಾಫ್ಟ್ ಮತ್ತು ಚಕ್ರ ಮೊದಲಿನಷ್ಟೇ ತಿರುಗುತ್ತವೆ. ಅದುರು ಹಾಗೇ ಉಳಿಯಿತಾ? ತಪ್ಪು ಗೇರ್‌ಬಾಕ್ಸಿನ ಆಚೆ, ಶಾಫ್ಟಿನಲ್ಲೋ ಚಕ್ರದಲ್ಲೋ ಇದೆ. ಬದಲಾಯಿತಾ? ಎಂಜಿನ್, ಅದರ ಮೌಂಟಿಂಗ್, ಫ್ಲೈವೀಲ್ (ಎಂಜಿನ್ ತುದಿಯ ಭಾರದ ಚಕ್ರ) ಕಡೆ ನೋಡಿ. ನಿಂತ ಕಾರಿನಲ್ಲಿ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟಾಗಲೂ ಅದೇ ಆರ್‌ಪಿಎಂಗೆ ಅದುರಿದರೆ ಅನುಮಾನ ಗಟ್ಟಿಯಾಯಿತು.

ಮುಂದಿನ ಪರೀಕ್ಷೆ ಕಾಲಿನದು. ಆಕ್ಸಿಲರೇಟರ್ ಒತ್ತಿದಾಗ ಅದುರಿ, ಬಿಟ್ಟ ಕೂಡಲೇ ಮಾಯವಾದರೆ ಒಳಗಿನ ಸಿವಿ ಜಾಯಿಂಟ್ (ಚಕ್ರಕ್ಕೆ ಹೋಗುವ ಆಕ್ಸಲ್ಲಿನ ಒಳತುದಿಯ ಬಾಗುವ ಕೀಲು) ಅಥವಾ ಆ ರಬ್ಬರ್ ಡಿಸ್ಕ್ ಸವೆದಿರಬಹುದು. ನಿಂತಲ್ಲಿಂದ ಹೊರಡುವಾಗ ಮಾತ್ರ ಗಡಗಡ ಅಂದರೆ ಶಾಫ್ಟಿನ ನಡುವಿನ ಬೇರಿಂಗ್ ನೋಡಿ. ಕ್ಲಚ್ ಒತ್ತಿ ಉರುಳಲು ಬಿಟ್ಟೂ ನೋಡಬಹುದು, ಆಗಲೂ ಅದುರಿದರೆ ತಪ್ಪು ಎಂಜಿನ್ನಿನದಲ್ಲ. ಆದರೆ ಎಂಜಿನ್ ಆಫ್ ಮಾಡಬೇಡಿ, ಬ್ರೇಕ್ ಮತ್ತು ಸ್ಟೇರಿಂಗ್ ಕಲ್ಲಾಗುತ್ತವೆ.

ಲೆಕ್ಕ ಇಷ್ಟವಿದ್ದವರಿಗೆ ಇನ್ನೊಂದು ದಾರಿ. 225/45 ಆರ್17 ಟಯರಿನ ಸುತ್ತಳತೆ ಹತ್ತಿರ ಹತ್ತಿರ 2 ಮೀಟರ್. 100ರ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಶಾಫ್ಟಿನ ತಿರುಗನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ಲಿನ ಅನುಪಾತ 3 ಇದ್ದರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನದು ಮೂರು ಸುತ್ತಾದರೆ, ಶಾಫ್ಟ್ 42 ಸುತ್ತು. ಮೊಬೈಲಿನ ವೈಬ್ರೇಷನ್ ಆ್ಯಪ್ 14 ಹರ್ಟ್ಸ್ ಹತ್ತಿರ ತೋರಿಸಿದರೆ ಚಕ್ರ, 42ರ ಹತ್ತಿರ ತೋರಿಸಿದರೆ ಶಾಫ್ಟ್ ಅನ್ನಬಹುದು. ಆದರೆ ಇಲ್ಲೊಂದು ಬಲೆ ಇದೆ. ನೇರ ಗೇರಿನಲ್ಲಿ, ಅಂದರೆ ಅನುಪಾತ 1 ಇರುವಲ್ಲಿ, ಎಂಜಿನ್ನೂ ಅದೇ 42 ಸುತ್ತು ತಿರುಗುತ್ತಿರುತ್ತದೆ. ಆಗ ಆ್ಯಪ್‌ಗೆ ಇಬ್ಬರೂ ಒಂದೇ. ಅದಕ್ಕೇ ಗೇರ್ ಇಳಿಸಿ ನೋಡಿ ಅಂದದ್ದು.

ಕಾರಿನ ಕೆಳಗೆ

ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ, ರ್‍ಯಾಂಪಿಗೆ ಹಾಕಿಸಿ. ರಬ್ಬರ್ ಡಿಸ್ಕಿನಲ್ಲಿ ಬೋಲ್ಟಿನ ಸುತ್ತ ಬಿರುಕಿದೆಯಾ ನೋಡಿ. ನಡುವಿನ ಬೇರಿಂಗಿನ ರಬ್ಬರ್ ಹರಿದು ಶಾಫ್ಟ್ ಜೋತಾಡುತ್ತಿದೆಯಾ, ಶಾಫ್ಟಿನ ಕೀಲಾದ ಕ್ರಾಸ್ ಬಿಗಿ ಹಿಡಿದಿದೆಯಾ ಕೈಯಲ್ಲೇ ಅಲ್ಲಾಡಿಸಿ. ಸಿವಿ ಜಾಯಿಂಟಿನ ರಬ್ಬರ್ ಮುಸುಕು, ಅಂದರೆ ಬೂಟ್, ಹರಿದು ಗ್ರೀಸ್ ಸುತ್ತಲೂ ಚಿಮ್ಮಿದ್ದರೆ ಒಳಗೆ ಮಣ್ಣು ಸೇರಿದೆ ಅಂತಲೇ ಲೆಕ್ಕ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರಾದರೆ ಆಕ್ಸಲ್ ಕೋನವೇ ಬದಲಾಗಿರುತ್ತದೆ. ಅಂಥ ಕಾರಿನಲ್ಲಿ ಹೊಸ ಜಾಯಿಂಟ್ ಹಾಕಿದರೂ ಅದುರು ಪೂರ್ತಿ ಹೋಗದಿರಬಹುದು. ನಾನಾದರೆ ಅಂಥದ್ದನ್ನು ಕೊಳ್ಳುವುದಿಲ್ಲ.

ಬಿಚ್ಚುವಾಗಿನ ಅವಸರವೇ ಎಷ್ಟೋ ಹೊಸ ಅದುರಿಗೆ ಮೂಲ. ಶಾಫ್ಟಿನ ಎರಡೂ ತುಂಡಿಗೆ, ಎರಡೂ ತುದಿಯ ಫ್ಲೇಂಜಿಗೆ (ಬೋಲ್ಟ್ ಹಾಕುವ ಚಾಚು) ಮೊದಲೇ ಪೇಂಟಿನಲ್ಲಿ ಗುರುತು ಹಾಕಿಸಿ. ಬ್ಯಾಲೆನ್ಸ್ ಮಾಡಿರುವುದು ಜೋಡಿಯಾಗಿ, ತುಂಡುಗಳು ಸೇರುವ ಹಲ್ಲು ಆಚೀಚೆ ಕೂತರೆ ಕೆಟ್ಟಿತು. ರಬ್ಬರ್ ಡಿಸ್ಕಿನ ಮೇಲಿನ ಬಾಣಗಳು ಫ್ಲೇಂಜಿನ ತೋಳಿನ ಕಡೆಗಿರಬೇಕು. ಬೋಲ್ಟ್ ಬಿಗಿಯುವಾಗ ತಿರುಗಿಸಬೇಕಾದ್ದು ಫ್ಲೇಂಜ್ ಕಡೆಯ ತುದಿ. ರಬ್ಬರ್ ಕಡೆ ತಿರುಗಿಸಿದರೆ ಡಿಸ್ಕ್ ತಿರುಚಿಕೊಳ್ಳುತ್ತದೆ. ಬಿಎಂಡಬ್ಲ್ಯು 3 ಸೀರೀಸ್ ಇ46ನಂಥ ಕಾರಿನಲ್ಲಿ ನಡುವಿನ ಬೇರಿಂಗನ್ನು 4ರಿಂದ 6 ಮಿ.ಮೀ. ಮುಂದಕ್ಕೆ ತಳ್ಳಿ ಕೂರಿಸಬೇಕು. ಇದನ್ನು ಬಿಟ್ಟುಬಿಡುವವರೇ ಜಾಸ್ತಿ.

ಇಷ್ಟಾದರೂ ನಿಲ್ಲದಿದ್ದರೆ ಶಾಫ್ಟನ್ನೇ ಬ್ಯಾಲೆನ್ಸ್ ಮಾಡಿಸಿ. ಲಾರಿ ಶಾಫ್ಟ್ ಬ್ಯಾಲೆನ್ಸ್ ಮಾಡುವ ಅಂಗಡಿಯವರಿಗೆ ಈ ಕೆಲಸ ಗೊತ್ತು. ಕಾರಿನ ಶಾಫ್ಟ್ ಹಿಡಿಯುವ ಮಷೀನು ಇದೆಯಾ ಅಂತ ಮಾತ್ರ ಮೊದಲೇ ಕೇಳಿಕೊಂಡು ಹೋಗಿ.