ಹಳೇ ಕಾರಿನ ಸ್ಟೇರಿಂಗ್ ನಡುಗುತ್ತಿದೆಯೇ? ಮೊದಲು ಚಕ್ರದ ತೂಕ ನೋಡಿ

ದಾವಣಗೆರೆಯ ಪಿ.ಬಿ. ರಸ್ತೆಗೆ ಹಳೇ ಕಾರು ಇಳಿಸುವವರು ಸ್ಟೇರಿಂಗ್ ನಡುಗಿದ ಕೂಡಲೇ ಸ್ಟೇರಿಂಗ್ ಬಾಕ್ಸ್ ಬಿಚ್ಚಿಸುತ್ತಾರೆ. ದುಡ್ಡು ಹೋಗುತ್ತದೆ, ನಡುಕ ಹಾಗೇ ಇರುತ್ತದೆ. ಎಷ್ಟೋ ಸಲ ನೋಡಿದ್ದೇನೆ. ತಪ್ಪು ಇರುವುದು ಚಕ್ರದ ತೂಕದಲ್ಲಿ: ಒಂದು ಕಡೆ ಭಾರ, ಎದುರು ಕಡೆ ಹಗುರ.

1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರನ್ನೇ ತೆಗೆದುಕೊಳ್ಳಿ. ಮುಂದಿನ ಟೈರಿನ ಎತ್ತರ 30 ಇಂಚು. ರಿಮ್ಮಿನ ಒಂದು ಕಡೆ ಬರೀ 50 ಗ್ರಾಂ ಜಾಸ್ತಿ ಇದ್ದರೂ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸುಮಾರು ಮುಕ್ಕಾಲು ಕೆ.ಜಿ.ಯಷ್ಟು ಎಳೆಯುತ್ತದೆ. 60ಕ್ಕೆ ಹೋದರೆ 3 ಕೆ.ಜಿ., ಅದೂ ಸೆಕೆಂಡಿಗೆ 7 ಸಲ. ಆ ಕಾಲದ ಕಾರುಗಳಲ್ಲಿ ಮುಂದಿನ ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್. ಒಂದು ಚಕ್ರ ಕುಪ್ಪಳಿಸಿದರೆ ಇಡೀ ಆಕ್ಸಲ್ ಓರೆಯಾಗುತ್ತದೆ. ತಿರುಗುವ ಚಕ್ರ ಓರೆಯಾದರೆ ಬುಗುರಿಯ ಹಾಗೆ ಪಕ್ಕಕ್ಕೆ ಹೊರಳಲು ನೋಡುತ್ತದೆ. ಆ ಹೊರಳಾಟವೇ ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಸರಳು, ಅಂದರೆ ಟೈ ರಾಡ್ ಮೂಲಕ ನಿಮ್ಮ ಕೈಗೆ ಬರುತ್ತದೆ. 1923ರಲ್ಲಿ ಕಡಿಮೆ ಗಾಳಿಯ ದಪ್ಪ ಬಲೂನ್ ಟೈರು ಬಂದ ಮೇಲೆ ಈ ಕಾಟ ಇನ್ನೂ ಹೆಚ್ಚಾಯಿತು.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರ ನೆಲ ಬಿಡುವಂತೆ ಜಾಕ್ ಹಾಕಿ. ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಪಿನ್) ಸವೆದಿದ್ದರೆ, ರಿಮ್ ಸೊಟ್ಟಗಿದ್ದರೆ ಮೊದಲು ಸರಿ ಮಾಡಿಸಿ. ರಿಮ್ಮಿನ ಒಳಗೆ ಒಣಗಿದ ಎರೆಮಣ್ಣು ಕೆರೆದು ತೆಗೆಯಿರಿ.

ಎಲ್ಲರೂ ಎಡವುವುದು ಮುಂದಿನ ಕೆಲಸದಲ್ಲಿ. ಚಕ್ರವನ್ನು ಒಂದೇ ಸಲ ತಿರುಗಿಸಿ, ನಿಂತ ಕೂಡಲೇ ತಳಕ್ಕೆ ಬಂದ ಜಾಗವೇ ಭಾರ ಎಂದುಕೊಂಡು, ತೂಕ ಸರಿದೂಗಿಸಲು ಅದರ ಎದುರಿಗೆ ಸೀಸ ಬಡಿಯುತ್ತಾರೆ. ಚಕ್ರದ ನಡುವಿನ ಹಬ್‌ನ ಗ್ರೀಸು ಗಟ್ಟಿಯಿದ್ದರೆ ಚಕ್ರ ಎಲ್ಲಿ ಬೇಕಾದರೂ ನಿಲ್ಲುತ್ತದೆ, ಅಲ್ವಾ? ಬೇರಿಂಗ್ ತೊಳೆದು, ಹೊಲಿಗೆ ಮಷಿನ್ನಿನ ಎಣ್ಣೆ ನಾಲ್ಕು ಹನಿ ಬಿಡಿ. ನಟ್ ಸ್ವಲ್ಪ ಸಡಿಲಿಸಿ. ಮಾಡೆಲ್ ಟಿಯ ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ. ಬೇರೆ ಕಾರಾದರೆ ಬ್ರೇಕ್ ಶೂ ಕೂಡ ಸಡಿಲಿಸಬೇಕು. ಈಗ ಚಕ್ರವನ್ನು ಮೆಲ್ಲಗೆ ಬಿಡಿ. ತೂಗಾಡಿ ನಿಂತಾಗ ತಳಕ್ಕೆ ಬಂದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆಯನ್ನು ಎಡಕ್ಕೆ ತಂದು ಬಿಡಿ, ಆಮೇಲೆ ಬಲಕ್ಕೆ ತಂದು ಬಿಡಿ. ಎರಡು ಸಲ ಎರಡು ಜಾಗ ತಳಕ್ಕೆ ಬಂದರೆ ಅವುಗಳ ನಟ್ಟನಡುವೆ ಭಾರ ಇದೆ.

ಅದರ ನೇರ ಎದುರಿಗೆ, ರಿಮ್ಮಿನ ಮೇಲೆ, ಹಸಿ ಮಣ್ಣಿನ ಉಂಡೆ ಅಂಟಿಸಿ. ಚಕ್ರವನ್ನು ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ತನಕ ಮಣ್ಣು ಚಿವುಟುತ್ತಾ, ಹಚ್ಚುತ್ತಾ ಹೋಗಿ. ಅರ್ಧ ಗಂಟೆ ಹಿಡಿದರೂ ಅವಸರ ಬೇಡ. ಉಂಡೆ ಒಣಗುವ ಮೊದಲೇ ತೂಗಿಸಿ, ಅಷ್ಟೇ ತೂಕದ ಸೀಸವನ್ನು ಅರ್ಧ ಒಳಗಡೆ, ಅರ್ಧ ಹೊರಗಡೆ ಹಾಕಿ. ಒಂದೇ ಕಡೆ ಬಡಿದರೆ ಚಕ್ರ ಮತ್ತೆ ಓಲಾಡುತ್ತದೆ. ಮರದ ಸ್ಪೋಕಾದರೆ ಸೀಸದ ಪಟ್ಟಿಯನ್ನು ರಿಮ್ಮಿಗೆ ತಾಗುವಂತೆ ಸ್ಪೋಕಿಗೇ ಸುತ್ತಬಹುದು. ಅಗ್ಗದ ಅಂಟಿಸುವ ತೂಕ ತರಬೇಡಿ, ನಮ್ಮ ಬಿಸಿಲಿಗೆ ಅಂಟು ಬಿಡುತ್ತದೆ. ಟ್ಯೂಬಿಗೆ ಸುರಿಯುವ ಪಂಕ್ಚರ್ ದ್ರವವಂತೂ ಬೇಡವೇ ಬೇಡ. ಕಾರು ನಿಂತಾಗ ಅದು ತಳಕ್ಕಿಳಿದು ಕೂರುತ್ತದೆ, ಮಾಡಿದ ಕೆಲಸವೆಲ್ಲ ಹಾಳು.

ಎಣ್ಣೆ ಒರೆಸಿ, ಹೊಸ ಗ್ರೀಸ್ ತುಂಬಿ, ನಟ್ ಮೊದಲಿನಷ್ಟೇ ಬಿಗಿ ಮಾಡಿ, ಅದು ಕಳಚದಂತೆ ಸ್ಪ್ಲಿಟ್ ಪಿನ್ ಹಾಕಿ. ಬ್ರೇಕ್ ಸಡಿಲಿಸಿದ್ದರೆ ಮರೆಯದೆ ಬಿಗಿ ಮಾಡಿ. ಇನ್ನೊಂದು ಚಕ್ರಕ್ಕೂ ಇದೇ ಕೆಲಸ. ಮುಂದೆ ಪಂಕ್ಚರ್ ಆದಾಗ ಟೈರು ಬಿಚ್ಚುವ ಮೊದಲೇ ವಾಲ್ವ್ ಪಕ್ಕದಲ್ಲೇ ಟೈರಿನ ಮೇಲೆ ಗುರುತು ಹಾಕಿಸಿ. ವಾಪಸ್ ಅದೇ ಜಾಗಕ್ಕೆ ಕೂರಿಸಲು ಹೇಳಿ.